ಮೂಕಜೀವಿಗಳಿಗೆ ಆಹಾರದಾನ: ದಯೆಯೊಡನೆ ಇರಬೇಕಾದ ತಿಳಿವು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಜಿನಬಿಂಬದ ಪ್ರತಿಷ್ಠೆ ನಡೆಯುವ ಪುಣ್ಯಸ್ಥಳದಲ್ಲಿ ದಾನದ ಪ್ರಸ್ತಾಪ ಬರುವುದು ಸಹಜವೇ ಆಗಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟುಗೂಡಿಸಿ ಹೇಳುವ ಪರಿಪಾಠವು ಕನ್ನಡ ನಾಡಿನ ಪ್ರಾಚೀನ ಜೈನ ಶಾಸನಗಳಲ್ಲಿಯೇ ಕಂಡುಬರುತ್ತದೆ. ಬಲಿಯಿಂದಲೋ ಕಸಾಯಿಖಾನೆಯಿಂದಲೋ ಬಿಡಿಸಿ ತಂದ ಹಸು, ಎಮ್ಮೆ, ಆಡು, ಕುರಿಗಳಿಗೆ ಗೋಶಾಲೆಯ ಬಾಗಿಲು ತೆರೆಯುವುದು ಅಭಯದಾನ. ಆದರೆ ಆ ಬಾಗಿಲು ಹಿಂದೆ ಮುಚ್ಚಿಕೊಂಡ ಕ್ಷಣದಿಂದ ಆ ಜೀವಿಯ ಬದುಕು ಪೂರ್ತಿಯಾಗಿ ಆಹಾರದಾನವನ್ನು ಅವಲಂಬಿಸಿರುತ್ತದೆ. ಕಾಡಿನ ಜಿಂಕೆಯು ಹತ್ತಾರು ಬಗೆಯ ಹುಲ್ಲು ಸೊಪ್ಪುಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಂಡು, ಬೇಡವಾದುದನ್ನು ಮೂಸಿ ಬಿಟ್ಟು ಮುಂದೆ ಹೋಗುತ್ತದೆ. ಕಟ್ಟಿಹಾಕಿದ ಪ್ರಾಣಿಗೆ ಈ ಸ್ವಾತಂತ್ರ್ಯವಿಲ್ಲ. ಕೊಟ್ಟಾಗ, ಕೊಟ್ಟಷ್ಟನ್ನು, ಕೊಟ್ಟದ್ದನ್ನೇ ತಿನ್ನಬೇಕು. ಆದಕಾರಣ ಅದರ ಆಹಾರದ ಗುಣದೋಷಗಳ ಹೊಣೆಯೆಲ್ಲವೂ ಸಾಕುವವನ ಮೇಲೆಯೇ ಬೀಳುತ್ತದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು ಇವುಗಳ ಸಾಲಿನಲ್ಲಿಯೇ ಅನ್ನ ನೀರು ತಪ್ಪಿಸುವುದೂ ಎಣಿಸಲ್ಪಟ್ಟಿದೆ ಎಂಬುದು ಗಮನಾರ್ಹ. 1960ರಲ್ಲಿ ಭಾರತ ಸರ್ಕಾರವು ರಚಿಸಿದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಹನ್ನೊಂದನೆಯ ಪ್ರಕರಣವೂ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದ ಒಡೆಯನನ್ನು ಅಪರಾಧಿಯೆಂದೇ ಪರಿಗಣಿಸುತ್ತದೆ. ಶಾಸ್ತ್ರವೂ ಶಾಸನವೂ ಇಲ್ಲಿ ಒಂದೇ ಮಾತನ್ನಾಡುತ್ತವೆ.

ಆದರೆ ಹೊಟ್ಟೆಗೆ ಹಾಕದಿರುವುದರಿಂದ ಮಾತ್ರವೇ ಹಿಂಸೆಯಾಗುತ್ತದೆಯೇ? ಆಯಾ ಪ್ರಾಣಿಯ ಉದರಕ್ಕೆ ಒಗ್ಗದ ಪದಾರ್ಥವನ್ನು ಪ್ರೀತಿಯಿಂದಲೇ ಧಾರಾಳವಾಗಿ ಉಣಿಸಿದರೂ ಅಷ್ಟೇ ದೊಡ್ಡ ಹಿಂಸೆಯಾಗಬಲ್ಲದು. ಗೋಶಾಲೆಗಳಲ್ಲಿ ಹಬ್ಬದ ಮರುದಿನ ದನಗಳು ಸಾಯುವುದುಂಟು. ಕಾರಣವನ್ನು ಹುಡುಕಿದರೆ ಹಿಂದಿನ ದಿನ ಭಕ್ತಾದಿಗಳು ತಂದು ಸುರಿದ ಅನ್ನ, ಹೋಳಿಗೆ, ಬೆಲ್ಲ, ಕಣಕದ ಉಂಡೆಗಳೇ ಕಾರಣವಾಗಿರುತ್ತವೆ. ಕೊಟ್ಟವನಿಗೆ ಅದು ತಿಳಿದಿರುವುದೇ ಇಲ್ಲ. ಪುಣ್ಯ ಸಂಪಾದಿಸಿದೆನೆಂಬ ತೃಪ್ತಿಯಿಂದಲೇ ಆತ ಮನೆಗೆ ಹೋಗಿರುತ್ತಾನೆ. ಇಂದಿನ ವಿಷಯದ ತಿರುಳು ಇದೇ ಆಗಿದೆ.

ಖಂಬಾತದ ಒಂದು ನಿದರ್ಶನ

ಪ್ರಾಣಿಗಳಿಗೆ ಆಶ್ರಯ ಕೊಡುವ ಪಿಂಜರಾಪೋಳಗಳು ಗುಜರಾತಿನಲ್ಲಿ ಶತಮಾನಗಳಿಂದ ಪ್ರಸಿದ್ಧವಾಗಿವೆ. ಇಟಲಿ ದೇಶದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು 1623ರಲ್ಲಿ ಖಂಬಾತ ಪಟ್ಟಣಕ್ಕೆ ಬಂದಾಗ ಅಲ್ಲಿನ ಪಕ್ಷಿಗಳ ಆಸ್ಪತ್ರೆಯನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿ ಬಿಳಿಯ ಗಡ್ಡದ ವೃದ್ಧನೊಬ್ಬನು ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯ ನಡುವೆ ಪೆಟ್ಟಿಗೆಯಲ್ಲಿ ಇರಿಸಿಕೊಂಡು, ಮೂಗಿನ ಮೇಲೆ ಕನ್ನಡಕವೇರಿಸಿ, ಹಕ್ಕಿಯ ಗರಿಯ ತುದಿಯಿಂದ ಅವುಗಳಿಗೆ ಹಾಲುಣಿಸುತ್ತಿದ್ದನಂತೆ. ಅವು ಬೇರೇನನ್ನೂ ತಿನ್ನಲಾರದಷ್ಟು ಎಳೆಯವು, ದೊಡ್ಡವಾದ ಮೇಲೆ ಬೇಕಾದಲ್ಲಿಗೆ ಹೋಗಲು ಬಿಟ್ಟುಬಿಡುವೆ ಎಂದು ಆತ ಹೇಳಿದನೆಂದೂ ಪ್ರವಾಸಿ ದಾಖಲಿಸಿದ್ದಾನೆ.

ನಾಲ್ಕು ನೂರು ವರ್ಷಗಳ ಹಿಂದಿನ ಆ ವೃದ್ಧನಲ್ಲಿ ದಯೆಯಷ್ಟೇ ಇರಲಿಲ್ಲ, ತಿಳಿವೂ ಇತ್ತು. ಇಲಿಮರಿಯ ವಯಸ್ಸಿಗೆ ಯಾವ ಆಹಾರ, ಅದರ ಬಾಯಿಗೆ ಎಷ್ಟು ಪ್ರಮಾಣ, ಅದನ್ನು ಕೊಡುವ ಸಾಧನ ಯಾವುದು, ಬಂಧನ ಎಲ್ಲಿಯವರೆಗೆ ಎಂಬ ನಾಲ್ಕನ್ನೂ ಆತ ವಿಚಾರಮಾಡಿದ್ದನು. ಪ್ರಾಣಿಗಳನ್ನು ಸಾಕುವ ಯಾವುದೇ ಸಂಸ್ಥೆಯೂ ಈ ನಾಲ್ಕು ಪ್ರಶ್ನೆಗಳನ್ನೇ ಕೇಳಿಕೊಳ್ಳಬೇಕಾಗಿದೆ.

ಮೆಲುಕು ಹಾಕುವ ಪ್ರಾಣಿಯ ಉದರ

ಹಸು, ಎಮ್ಮೆ, ಆಡು, ಕುರಿ, ಜಿಂಕೆಗಳು ಮೆಲುಕು ಹಾಕುವ ಜಾತಿಗೆ ಸೇರಿದವು. ಇವುಗಳ ಜಠರದಲ್ಲಿ ನಾಲ್ಕು ಕೋಣೆಗಳಿರುತ್ತವೆ. ಮೊದಲನೆಯದು ರೂಮೆನ್ ಎಂಬ ದೊಡ್ಡ ಚೀಲ. ದೊಡ್ಡ ಜಾತಿಯ ಹಸುವಿನಲ್ಲಿ ಇದು ನೂರು ಲೀಟರುಗಳಿಗೂ ಮೀರಿ ಹಿಡಿಯುತ್ತದೆ. ಎರಡನೆಯದರ ಒಳಮೈ ಜೇನುಗೂಡಿನ ಹಾಗಿರುತ್ತದೆ. ಮೂರನೆಯದು ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತದೆ. ಮನುಷ್ಯನ ಜಠರದಂತೆ ಆಮ್ಲವನ್ನು ಸುರಿಸಿ ಪಚನ ಮಾಡುವುದು ನಾಲ್ಕನೆಯದು ಮಾತ್ರ.

ಹುಲ್ಲು ಮತ್ತು ದಂಟುಗಳ ನಾರನ್ನು ಕರಗಿಸುವ ಪಾಚಕರಸವನ್ನು ಹಸುವಿನ ದೇಹವು ತಾನಾಗಿ ಉತ್ಪಾದಿಸಲಾರದು. ಆ ಕೆಲಸವನ್ನು ಮಾಡುವವು ರೂಮೆನ್ನಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಲಘು ಆಮ್ಲಗಳನ್ನಾಗಿ ಪರಿವರ್ತಿಸುತ್ತವೆ. ಈ ಆಮ್ಲಗಳು ರೂಮೆನ್ನಿನ ಗೋಡೆಯ ಮೂಲಕವೇ ರಕ್ತಕ್ಕೆ ಸೇರಿ, ಹಸುವಿಗೆ ಬೇಕಾದ ಶಕ್ತಿಯ ಬಹುಭಾಗವನ್ನು ಒದಗಿಸುತ್ತವೆ. ಕೊನೆಗೆ ಆ ಸೂಕ್ಷ್ಮಜೀವಿಗಳೂ ಮುಂದಿನ ಕೋಣೆಗಳಿಗೆ ಸಾಗಿ ಹಸುವಿಗೆ ಸಸಾರಜನಕವಾಗಿ ಪರಿಣಮಿಸುತ್ತವೆ. ಸೂಕ್ಷ್ಮಜೀವಿಗಳ ಇರವು ಜೈನರಿಗೆ ಹೊಸ ಮಾತಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬದುಕುತ್ತವೆ ಎಂಬ ತತ್ತ್ವಕ್ಕೆ ಹಸುವಿನ ಉದರವೂ ಒಂದು ಸಾಕ್ಷಿಯೆನ್ನಬಹುದು. ಹಸುವಿಗೆ ಮೇವು ಹಾಕುವುದೆಂದರೆ ವಸ್ತುತಃ ಈ ಸೂಕ್ಷ್ಮಜೀವಿಗಳಿಗೆ ಮೇವು ಹಾಕುವುದೆಂದೇ ಅರ್ಥ.

ಈ ವ್ಯವಸ್ಥೆಯ ಸಮತೋಲವನ್ನು ಕಾಪಾಡುವುದು ಜೊಲ್ಲು. ನುಂಗಿದ ಹುಲ್ಲನ್ನು ಹಸುವು ಮತ್ತೆ ಬಾಯಿಗೆ ತಂದುಕೊಂಡು ದಿನದಲ್ಲಿ ಆರರಿಂದ ಒಂಬತ್ತು ಗಂಟೆಗಳಷ್ಟು ಕಾಲ ಮೆಲುಕು ಹಾಕುತ್ತದೆ. ದೊಡ್ಡ ಹಸುವಿನ ಬಾಯಲ್ಲಿ ದಿನವೊಂದಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿದು ಉದರಕ್ಕೆ ಇಳಿಯುತ್ತದೆ. ಅಡಿಗೆಸೋಡದಲ್ಲಿರುವಂಥದೇ ಕ್ಷಾರವು ಆ ಜೊಲ್ಲಿನಲ್ಲಿದ್ದು, ಹುದುಗುವಿಕೆಯಿಂದ ಹುಟ್ಟಿದ ಆಮ್ಲವನ್ನು ಶಮನಗೊಳಿಸುತ್ತದೆ. ಉದ್ದನೆಯ ಒರಟು ಹುಲ್ಲು ಇದ್ದರೆ ಮಾತ್ರ ಮೆಲುಕು, ಮೆಲುಕು ಇದ್ದರೆ ಮಾತ್ರ ಜೊಲ್ಲು, ಜೊಲ್ಲು ಇದ್ದರೆ ಮಾತ್ರ ಸಮತೋಲ. ಈ ಸರಪಳಿಯನ್ನು ನೆನಪಿನಲ್ಲಿಟ್ಟರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಅನ್ನವೇ ವಿಷವಾಗುವ ಬಗೆ

ದಾನಿಯೊಬ್ಬನು ತಂದೆಯ ಪುಣ್ಯತಿಥಿಯಂದು ಗೋಶಾಲೆಗೆ ಎರಡು ಕೊಳಗ ಅನ್ನ, ಪಾಯಸ, ಒಂದು ಬುಟ್ಟಿ ಬೆಲ್ಲ ತಂದನೆಂದು ಭಾವಿಸಿರಿ. ನಿತ್ಯವೂ ಒಣಹುಲ್ಲನ್ನೇ ತಿನ್ನುವ ಹಸುವಿಗೆ ಅನ್ನದ ರುಚಿ ಬಹಳ ಹಿಡಿಸುತ್ತದೆ. ಬಲಶಾಲಿಯಾದ ಹಸುಗಳು ಇತರ ಹಸುಗಳನ್ನು ತಳ್ಳಿ ಹೊಟ್ಟೆ ತುಂಬ ತಿನ್ನುತ್ತವೆ. ಅನ್ನದಲ್ಲಿರುವುದು ಪಿಷ್ಟ, ಬೆಲ್ಲದಲ್ಲಿರುವುದು ಸಕ್ಕರೆ. ನಾರು ನಿಧಾನವಾಗಿ ಹುದುಗಿದರೆ ಇವು ಅತಿ ಶೀಘ್ರವಾಗಿ ಹುದುಗುತ್ತವೆ. ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನು ಹಿಂದಿಕ್ಕಿ, ಪಿಷ್ಟವನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ವೃದ್ಧಿಯಾಗುತ್ತವೆ. ಹಾಲು ಹುಳಿಯಾಗಿ ಮೊಸರಾಗುವಾಗ ಹುಟ್ಟುವ ಆಮ್ಲವೂ ಇದೇ. ಇತ್ತ ಅನ್ನವನ್ನು ಅಗಿಯಬೇಕಾದ ಅಗತ್ಯವಿಲ್ಲದ ಕಾರಣ ಮೆಲುಕು ನಿಲ್ಲುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಒಂದು ಕಡೆ ಆಮ್ಲವು ಏರುತ್ತಿರುವಾಗಲೇ ಮತ್ತೊಂದು ಕಡೆ ಅದನ್ನು ಶಮನಗೊಳಿಸುವ ಕ್ಷಾರವು ಇಳಿಯುತ್ತದೆ.

ರೂಮೆನ್ನಿನ ರಸದ ಹುಳಿಯನ್ನು ಪಿ.ಎಚ್. ಎಂಬ ಮಾನದಿಂದ ಅಳೆಯುತ್ತಾರೆ. ಆರೋಗ್ಯವಂತ ಹಸುವಿನಲ್ಲಿ ಅದು 6ರಿಂದ 7ರ ಆಸುಪಾಸಿನಲ್ಲಿರುತ್ತದೆ. ತೀವ್ರವಾದ ಆಮ್ಲರೋಗದಲ್ಲಿ 5ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಉದರದ ಚಲನೆ ನಿಲ್ಲುತ್ತದೆ. ರಕ್ತದೊಳಗಿನ ನೀರು ಉದರದ ಕಡೆಗೆ ಸೆಳೆಯಲ್ಪಟ್ಟು, ಹೊಟ್ಟೆಯಲ್ಲಿ ನೀರು ತುಂಬಿದ್ದರೂ ದೇಹ ಒಣಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಹಸು ತೂರಾಡಿ ಮಲಗಿಬಿಡುತ್ತದೆ. ಚಿಕಿತ್ಸೆ ತಡವಾದರೆ ಒಂದರಿಂದ ಮೂರು ದಿನಗಳೊಳಗೆ ಸಾವು ಸಂಭವಿಸುತ್ತದೆ. ಬದುಕುಳಿದ ಹಸುಗಳಲ್ಲಿ ಕೆಲವಕ್ಕೆ ಗೊರಸಿನ ಒಳಭಾಗ ಊದಿಕೊಂಡು ಕುಂಟುತನ ಉಳಿಯುತ್ತದೆ. ಆಡು ಕುರಿಗಳಿಗೂ ಇದೇ ಅಪಾಯವಿದೆ. ಅವುಗಳ ದೇಹ ಚಿಕ್ಕದಾದುದರಿಂದ ಅಲ್ಪ ಪ್ರಮಾಣದ ಅಕ್ಕಿ, ಗೋಧಿ, ಜೋಳದಿಂದಲೇ ಅನಾಹುತವಾಗಬಹುದು.

ಇದರಿಂದ ಹಸುವಿಗೆ ಧಾನ್ಯವೇ ಕೂಡದೆಂದು ತಿಳಿಯಬಾರದು. ಹಳೆಯ ಮನೆತನಗಳಲ್ಲಿ ಅಕ್ಕಚ್ಚಿಗೆ ಒಂದು ಹಿಡಿ ತೌಡು ಬೆರೆಸಿ ದಿನವೂ ಕೊಡುತ್ತಿದ್ದರು. ಅದರಿಂದ ಕೇಡಾಗಲಿಲ್ಲ. ಪ್ರಮಾಣ ಅಲ್ಪ, ನಿತ್ಯವೂ ಒಂದೇ ಸಮ, ಜೊತೆಗೆ ಹೊಟ್ಟೆ ತುಂಬ ಹುಲ್ಲು ಇದ್ದುದೇ ಅದರ ಗುಟ್ಟು. ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರಗಳು ಬೇಕಾಗುತ್ತವೆ. ನಿಧಾನವಾಗಿ ಏರಿಸಿದರೆ ಪೋಷಣೆಯಾಗುವ ಧಾನ್ಯವೇ ಒಂದೇ ದಿನ ಸುರಿದರೆ ಪ್ರಾಣಘಾತಕವಾಗುತ್ತದೆ.

ಹಸಿದು ಬಂದ ಪ್ರಾಣಿಯ ಉಪಚಾರ

ಲಾರಿಗಳಲ್ಲಿ ತುಂಬಿ ಸಾಗಿಸುವಾಗ ಬಿಡಿಸಿಕೊಂಡ ದನಗಳೂ ಬರಗಾಲದಲ್ಲಿ ಕೈಬಿಟ್ಟ ದನಗಳೂ ಅನೇಕ ದಿನಗಳ ಉಪವಾಸದಿಂದ ಗೋಶಾಲೆಗೆ ಬರುತ್ತವೆ. ಎಲುಬು ಕಾಣುವ ಆ ಜೀವಿಯನ್ನು ಕಂಡಾಗ ಕರುಣೆ ಉಕ್ಕಿ, ಬುಟ್ಟಿಗಟ್ಟಲೆ ಹಿಂಡಿ ಬೂಸಾ ಇಡಬೇಕೆನಿಸುವುದು ಸ್ವಾಭಾವಿಕ. ಆದರೆ ಅದರ ಉದರದ ಸೂಕ್ಷ್ಮಜೀವಿಗಳೂ ಹಸಿವಿನಿಂದ ಕ್ಷೀಣಿಸಿರುತ್ತವೆ. ಅದು ದೀರ್ಘ ಉಪವಾಸ ಮಾಡಿದವರ ಪಾರಣೆಯಂತೆ ನಡೆಯಬೇಕಾದ ಕೆಲಸ. ಪಾರಣೆಯ ದಿನ ಯಾರೂ ಭೂರಿಭೋಜನ ಮಾಡುವುದಿಲ್ಲವೆಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಮೊದಲು ನೆರಳು, ಸ್ವಲ್ಪಸ್ವಲ್ಪವಾಗಿ ಶುದ್ಧವಾದ ನೀರು, ಅನಂತರ ಒಳ್ಳೆಯ ಒಣಹುಲ್ಲು. ಹಸಿರು ಮೇವೂ ಹಿಂಡಿಯೂ ದಿನಗಳೆದಂತೆ ಅಳತೆಯಿಂದ. ಪಶುವೈದ್ಯರ ಸಲಹೆಯಂತೂ ಮೊದಲ ದಿನದಿಂದಲೇ ಅವಶ್ಯ.

ಎಳೆಗರುಗಳ ವಿಚಾರವೂ ಇಲ್ಲಿಗೇ ಸೇರಿದೆ. ಹುಟ್ಟಿದ ಕರುವಿನ ರೂಮೆನ್ ಬೆಳೆದಿರುವುದಿಲ್ಲ. ಅದು ಹೀರಿದ ಹಾಲು ಒಂದು ಕಾಲುವೆಯ ಮೂಲಕ ನೇರವಾಗಿ ನಾಲ್ಕನೆಯ ಕೋಣೆಗೆ ಇಳಿಯುತ್ತದೆ. ಹಸುವಿನ ಜಾತಿಯಲ್ಲಿ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗ ಕರುವಿಗೆ ದೊರೆಯುವುದಿಲ್ಲ, ಗಿಣ್ಣುಹಾಲಿನಿಂದಲೇ ದೊರೆಯಬೇಕು. ಅವನ್ನು ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಮೊದಲ ಒಂದು ದಿನ ಮಾತ್ರ ಇರುತ್ತದೆ, ಅದೂ ಗಂಟೆಗಂಟೆಗೆ ಕುಗ್ಗುತ್ತ ಹೋಗುತ್ತದೆ. ಆದಕಾರಣ ಮನೆಮಂದಿಗೆ ಗಿಣ್ಣದ ಸಿಹಿ ಮಾಡುವ ಆತುರದಲ್ಲಿ ಕರುವಿನ ಪಾಲನ್ನು ಕಸಿಯುವುದು, ಅದು ಗಂಡುಗರುವೇ ಆಗಿದ್ದರೂ, ಅನ್ನಪಾನನಿರೋಧವೇ ಸರಿ.

ಮೇವಿನ ಲೆಕ್ಕ

ವ್ಯಾಪಾರದಲ್ಲಿ ಪಳಗಿದವರಿಗೆ ಲೆಕ್ಕದ ಮೂಲಕ ಹೇಳಿದರೆ ವಿಷಯ ಬೇಗ ಹಿಡಿಸುತ್ತದೆ. ಮೇವಿನಲ್ಲಿರುವ ನೀರನ್ನು ಕಳೆದು ಉಳಿಯುವ ಅಂಶಕ್ಕೆ ಶುಷ್ಕಪದಾರ್ಥವೆನ್ನುತ್ತಾರೆ. ಒಂದು ಹಸುವಿಗೆ ದಿನಕ್ಕೆ ತನ್ನ ದೇಹದ ತೂಕದ ನೂರಕ್ಕೆ ಸುಮಾರು 2.5ರಷ್ಟು ಶುಷ್ಕಪದಾರ್ಥ ಬೇಕು. 400 ಕೆ.ಜಿ. ತೂಗುವ ಹಸುವಿಗೆ ಅದು 10 ಕೆ.ಜಿ. ಆಯಿತು. ಒಣಹುಲ್ಲಿನಲ್ಲಿ ನೂರಕ್ಕೆ 90ರಷ್ಟು ಶುಷ್ಕಪದಾರ್ಥವಿದ್ದರೆ ಹಸಿರು ಮೇವಿನಲ್ಲಿ 20ರಿಂದ 25ರಷ್ಟು ಮಾತ್ರವಿರುತ್ತದೆ, ಉಳಿದುದು ನೀರು. ಆದುದರಿಂದ 10 ಕೆ.ಜಿ. ಹಸಿರು ಹುಲ್ಲನ್ನು ಹಾಕಿ ಹಸುವಿನ ಹೊಟ್ಟೆ ತುಂಬಿತೆಂದು ತಿಳಿದವನು ವಾಸ್ತವವಾಗಿ ಅದರ ಅಗತ್ಯದ ಕಾಲು ಭಾಗವನ್ನಷ್ಟೇ ಕೊಟ್ಟಿರುತ್ತಾನೆ. 6 ಕೆ.ಜಿ. ಒಣಹುಲ್ಲು, 15 ಕೆ.ಜಿ. ಹಸಿರು ಮೇವು, 1 ಕೆ.ಜಿ. ಹಿಂಡಿ ಬೂಸಾ ಕೂಡಿದರೆ ಲೆಕ್ಕ ಸರಿಸುಮಾರು ಹೊಂದುತ್ತದೆ.

ಇಂಥ ನೂರು ಹಸುಗಳಿರುವ ಗೋಶಾಲೆಗೆ ದಿನಕ್ಕೆ 600 ಕೆ.ಜಿ. ಒಣಹುಲ್ಲಿನಂತೆ ವರ್ಷಕ್ಕೆ 219 ಟನ್ ಒಣಹುಲ್ಲು ಬೇಕು. ಹಬ್ಬದ ಒಂದು ದಿನ ಬರುವ ಬಾಳೆಹಣ್ಣು ಬೆಲ್ಲಗಳು ಈ ಲೆಕ್ಕದ ಮುಂದೆ ಎಷ್ಟು ಮಾತ್ರದವು? ಸುಗ್ಗಿಯ ಕಾಲದಲ್ಲಿ ಹುಲ್ಲು ಅಗ್ಗವಾಗಿರುವಾಗ ಒಂದು ಲಾರಿ ಹುಲ್ಲನ್ನು ಕೊಂಡು ಬಣವೆ ಹಾಕಿಸಿಕೊಟ್ಟವನ ದಾನವು ವೈಶಾಖದ ಬಿಸಿಲಿನಲ್ಲಿಯೂ ಫಲ ಕೊಡುತ್ತಿರುತ್ತದೆ.

ಹುಲ್ಲಿನಲ್ಲಿಯೂ ತಾರತಮ್ಯವಿದೆ. ಭತ್ತದ ಹುಲ್ಲಿನಲ್ಲಿ ಸಸಾರಜನಕವು ನೂರಕ್ಕೆ 3-4ರಷ್ಟು ಮಾತ್ರ. ಅದು 7ಕ್ಕಿಂತ ಬಹಳ ಕೆಳಗಿಳಿದರೆ ರೂಮೆನ್ನಿನ ಸೂಕ್ಷ್ಮಜೀವಿಗಳೇ ಸೊರಗುತ್ತವೆ. ಹೊಟ್ಟೆ ಉಬ್ಬಿದ್ದರೂ ಹಸು ಬಡಕಲಾಗುವುದು ಈ ಕಾರಣದಿಂದಲೇ. ಹಾಗಾಗಿ ಬೈಹುಲ್ಲಿನೊಡನೆ ಕುದುರೆಮಸಾಲೆ, ಅಲಸಂದೆ, ಅಗಸೆಸೊಪ್ಪಿನಂಥ ದ್ವಿದಳ ಜಾತಿಯ ಹಸಿರನ್ನಾಗಲೀ ಸ್ವಲ್ಪ ಕಡಲೆಕಾಯಿ ಹಿಂಡಿಯನ್ನಾಗಲೀ ಕೂಡಿಸಬೇಕು. ರಾಗಿಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಸುಣ್ಣದ ಅಂಶ ಹೆಚ್ಚು. ಖನಿಜ ಮಿಶ್ರಣವನ್ನೂ ಉಪ್ಪನ್ನೂ ದಿನವೂ ಕೊಡಬೇಕು. ನೀರಂತೂ ಒಂದು ಕೆ.ಜಿ. ಶುಷ್ಕಪದಾರ್ಥಕ್ಕೆ ಮೂರರಿಂದ ಐದು ಲೀಟರು, ಬೇಸಗೆಯಲ್ಲಿ ಅದಕ್ಕಿಂತಲೂ ಅಧಿಕ. ತಾನು ಸೋಸಿದ ನೀರನ್ನೇ ಕುಡಿಯುವ ಶ್ರಾವಕನ ಗೋಶಾಲೆಯಲ್ಲಿ ದನದ ತೊಟ್ಟಿ ಪಾಚಿಗಟ್ಟಿರುವುದು ಶೋಭೆಯಲ್ಲ.

ದಾನಕ್ಕೆ ಯೋಗ್ಯವಲ್ಲದ ಮಾಲು

ಇಲ್ಲಿ ವರ್ತಕ ಸಮಾಜವು ವಿಶೇಷವಾಗಿ ಯೋಚಿಸಬೇಕಾದ ಸಂಗತಿಯೊಂದಿದೆ. ಮಳೆನೀರು ತಗುಲಿ ಬೂಷ್ಟು ಹಿಡಿದ ಕಾಳು, ಮುಗ್ಗಿದ ಹಿಂಡಿ, ಹುಳು ಬಿದ್ದ ಹಿಟ್ಟು ಇವುಗಳನ್ನು ಅಂಗಡಿಯಿಂದ ಹೊರಹಾಕಿ ಗೋಶಾಲೆಗೆ ದಾನವೆಂದು ಕಳುಹಿಸುವ ರೂಢಿ ಅಲ್ಲಲ್ಲಿ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಒಂದು ಬಗೆಯ ಬೂಷ್ಟೇ ಕಾರಣವೆಂದು ಗೊತ್ತಾಯಿತು. ಅದು ಉತ್ಪಾದಿಸುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಈ ವಿಷವು ಯಕೃತ್ತನ್ನು ಕೆಡಿಸುತ್ತದೆ. ಕುದಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ತಿಂದ ಹಸುವಿನ ಹಾಲಿನಲ್ಲಿಯೂ ಇಳಿದು ಬರುತ್ತದೆ. ಗಿರಾಕಿಗೆ ತೂಗಿ ಕೊಡಲಾರದ ಮಾಲನ್ನು ಬಾಯಿಲ್ಲದ ಜೀವಿಗೆ ಕೊಡುವುದು ಯಾವ ನ್ಯಾಯದಿಂದಲೂ ದಾನವೆನಿಸದು.

ದನವು ನಾಲಗೆಯಿಂದ ಬಳಸಿ ಒಮ್ಮೆಲೇ ನುಂಗುವ ಪ್ರಾಣಿಯಾದುದರಿಂದ ಮೇವಿನೊಡನೆ ಬಂದ ಮೊಳೆ, ತಂತಿಗಳನ್ನು ಬೇರ್ಪಡಿಸಲಾರದು. ಅವು ಜೇನುಗೂಡಿನಂತಿರುವ ಎರಡನೆಯ ಕೋಣೆಯಲ್ಲಿ ತಂಗುತ್ತವೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆಯೊಂದೇ. ಉದರದ ಚಲನೆಯಿಂದ ತಂತಿಯು ಮುಂದಕ್ಕೆ ಚುಚ್ಚಿಕೊಂಡು ಹೋಗಿ ಹೃದಯದ ಪೊರೆಯನ್ನೇ ತಾಗುವುದುಂಟು. ಎಂಜಲೆಲೆ, ಉಳಿದ ಊಟಗಳನ್ನು ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲಗಳ ಕಥೆ ಇದಕ್ಕಿಂತಲೂ ಘೋರವಾದುದು. ಯಾವ ಸೂಕ್ಷ್ಮಜೀವಿಯೂ ಅದನ್ನು ಅಲ್ಲಿ ಕರಗಿಸಲಾರದು. ವರ್ಷಗಟ್ಟಲೆ ಕೂಡುತ್ತ ಹೋಗಿ, ಗಂಟುಗಂಟಾಗಿ, ರೂಮೆನ್ನಿನಲ್ಲಿ ಮೇವಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ಹೊಟ್ಟೆ ತುಂಬಿದ್ದೂ ಹಸು ಹಸಿವಿನಿಂದ ಸಾಯುತ್ತದೆ.

ಉತ್ತರ ಕರ್ನಾಟಕದ ರೈತರು ಅರಿತಿರುವ ಮತ್ತೊಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸಬೇಕು. ಎಳೆಯ ಜೋಳದ ಪೈರಿನಲ್ಲಿಯೂ ಮಳೆಯಿಲ್ಲದೆ ಬಾಡಿ ಮತ್ತೆ ಚಿಗುರಿದ ಕುಡಿಗಳಲ್ಲಿಯೂ ಸಯನೈಡ್ ಎಂಬ ತೀಕ್ಷ್ಣ ವಿಷ ಹುಟ್ಟುತ್ತದೆ. ಹಸಿರಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಕೊಯ್ದು ತಂದು ಹಾಕಬಾರದು.

ಇತರ ಪ್ರಾಣಿಗಳ ಭೇದ

ಎಲ್ಲ ಸಸ್ಯಾಹಾರಿ ಪ್ರಾಣಿಗಳ ಉದರವೂ ಒಂದೇ ಬಗೆಯದಲ್ಲ. ಕುದುರೆಗೂ ಆನೆಗೂ ಇರುವುದು ಒಂದೇ ಜಠರ. ನಾರಿನ ಹುದುಗುವಿಕೆ ನಡೆಯುವುದು ಕರುಳಿನ ಹಿಂಭಾಗದಲ್ಲಿ. ಕುದುರೆಯ ಜಠರವು ದೇಹಕ್ಕೆ ಹೋಲಿಸಿದರೆ ಬಹು ಚಿಕ್ಕದು, ಮತ್ತು ಅದಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಶೂಲೆ ಬಂದು ಪ್ರಾಣಕ್ಕೇ ಎರವಾಗುತ್ತದೆ. ಅದಕ್ಕೆ ಹುರುಳಿಯನ್ನು ಅಲ್ಪಾಲ್ಪವಾಗಿ ಹಲವು ಸಲ ಕೊಡುವ ಪದ್ಧತಿ ಬಂದುದು ಇದರಿಂದಲೇ. ಆನೆಯು ತಿಂದುದರ ಅರ್ಧಕ್ಕಿಂತಲೂ ಕಡಿಮೆ ಭಾಗವನ್ನು ಮಾತ್ರ ಜೀರ್ಣಿಸಿಕೊಳ್ಳುತ್ತದೆ. ಆದಕಾರಣ ಅದು ಕಾಡಿನಲ್ಲಿ ದಿನದ ಬಹುಪಾಲು ಹೊತ್ತು ಮೇಯುತ್ತ, ನಡೆಯುತ್ತ ನೂರೈವತ್ತು ಕೆ.ಜಿ.ಯಷ್ಟು ಹಸಿರನ್ನು ತಿನ್ನುತ್ತದೆ. ಅದನ್ನು ಒಂದೆಡೆ ಕಟ್ಟಿ ಅನ್ನದ ಉಂಡೆ, ಬೆಲ್ಲ, ಬಾಳೆಹಣ್ಣುಗಳಿಂದಲೇ ಸಾಕಿದರೆ ಬೊಜ್ಜು ಬೆಳೆದು, ಆ ಭಾರವನ್ನು ಹೊತ್ತ ಕಾಲು ಪಾದಗಳು ಕೆಡುತ್ತವೆ.

ಹಕ್ಕಿಗಳಿಗೆ ಹಲ್ಲಿಲ್ಲ. ಪಾರಿವಾಳವು ನುಂಗಿದ ಕಾಳನ್ನು ಹೊಟ್ಟೆಯೊಳಗಿನ ಸ್ನಾಯುಕೋಶವು ಸಣ್ಣ ಹರಳುಗಳ ಸಹಾಯದಿಂದ ಅರೆಯುತ್ತದೆ. ಪಂಜರದಲ್ಲಿ ಕಾಳಿನೊಡನೆ ಮರಳಹರಳನ್ನೂ ಇಡಬೇಕಾದುದು ಇದಕ್ಕಾಗಿ. ಗಿಳಿಗೆ ಬರೀ ಎಣ್ಣೆಕಾಳುಗಳನ್ನೇ ಹಾಕುತ್ತಿದ್ದರೆ ಎ ಜೀವಸತ್ವದ ಕೊರತೆಯಿಂದ ರೋಗ ತಗುಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದೇ ಅಪರಾಧವಾಗಿದ್ದು, ಅವುಗಳಿಗೆ ಮಾಡಬಹುದಾದ ಉತ್ತಮೋತ್ತಮ ದಾನವು ಬಿಡುಗಡೆಯೇ ಆಗಿದೆ; ಅದನ್ನು ಅರಣ್ಯ ಇಲಾಖೆಯ ಮೂಲಕ ಮಾಡಿಸಬೇಕು, ಏಕೆಂದರೆ ಪಂಜರದಲ್ಲಿಯೇ ಬೆಳೆದ ಹಕ್ಕಿಗೆ ಆಹಾರ ಹುಡುಕುವುದೂ ತಿಳಿದಿರುವುದಿಲ್ಲ.

ಕೊನೆಯದಾಗಿ ಕಠಿಣವಾದ ಪ್ರಶ್ನೆಯೊಂದಿದೆ. ಮಾಂಸಾಹಾರವೇ ಪ್ರಕೃತಿಯಾಗಿರುವ ಪ್ರಾಣಿಗಳ ಪಾಡೇನು? ಬೆಕ್ಕಿಗೆ ಹಾಲು ಅನ್ನ ಹಾಕಿ ಸಾಕಿದರೆ ಅದೂ ಶ್ರಾವಕನಾಗುತ್ತದೆಂದು ನಂಬುವ ಮುಗ್ಧರಿದ್ದಾರೆ. ಬೆಕ್ಕಿನ ದೇಹವು ಟಾರಿನ್ ಎಂಬ ಪದಾರ್ಥವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಮತ್ತು ಅದು ಧಾನ್ಯಗಳಲ್ಲಿ ದೊರೆಯುವುದಿಲ್ಲ. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಪಟಲವು ನಶಿಸುತ್ತದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಕ್ಯಾರೆಟ್ಟು ಸೊಪ್ಪುಗಳ ವರ್ಣದ್ರವ್ಯದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಅನೇಕ ದೊಡ್ಡ ಬೆಕ್ಕುಗಳಿಗೆ ಹಾಲೂ ಜೀರ್ಣವಾಗುವುದಿಲ್ಲ. ಸಿಂಹಕ್ಕೆ ಬರೀ ಮೂಳೆಯಿಲ್ಲದ ಮಾಂಸ ಕೊಟ್ಟರೂ ಸಾಲದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೂಳೆ ಬಾಗಿ ಸಾಯುತ್ತಿದ್ದ ಸಿಂಹದ ಮರಿಗಳು, ಪುಡಿಮಾಡಿದ ಮೂಳೆ ಮತ್ತು ಮೀನೆಣ್ಣೆಯನ್ನು ಕೊಟ್ಟಾಗ ಚೇತರಿಸಿಕೊಂಡುದನ್ನು ಜಾನ್ ಬ್ಲಾಂಡ್ ಸಟ್ಟನ್ ಎಂಬ ವೈದ್ಯನು 1889ರಲ್ಲಿ ವರದಿಮಾಡಿದನು.

ಈ ಸಂಗತಿಗಳನ್ನು ಇಲ್ಲಿ ಹೇಳಿದುದು ಶ್ರಾವಕನು ಮಾಂಸವನ್ನು ಒದಗಿಸಲೆಂದಲ್ಲ. ಪ್ರಕೃತಿಧರ್ಮವನ್ನು ಬಲಾತ್ಕಾರದಿಂದ ಬದಲಿಸಲು ಹೊರಟರೆ ನೋಯುವುದು ಆ ಜೀವಿಯೇ ಎಂಬುದನ್ನು ತಿಳಿಸಲೆಂದು. ಯಾವ ಪ್ರಾಣಿಗೆ ಉಚಿತವಾದ ಆಹಾರವನ್ನು ತನ್ನ ವ್ರತಕ್ಕೆ ಭಂಗವಿಲ್ಲದೆ ಕೊಡಲಾರನೋ ಆ ಪ್ರಾಣಿಯನ್ನು ಶ್ರಾವಕನು ಬಂಧನದಲ್ಲಿ ಇರಿಸಿಕೊಳ್ಳದಿರುವುದೇ ಲೇಸು. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಜೈನರು ನಡೆಸುತ್ತ ಬಂದಿರುವ ಪಕ್ಷಿಗಳ ಆಸ್ಪತ್ರೆಯು ಈ ತೊಡಕಿಗೆ ಒಂದು ದಾರಿಯನ್ನು ತೋರಿದೆ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗಿರಿಸಿಕೊಂಡು ಶುಶ್ರೂಷೆ ಮಾಡುತ್ತಾರೆ. ಹದ್ದು ಗಿಡುಗಗಳಿಗೆ ಚಿಕಿತ್ಸೆಯನ್ನಿತ್ತು ಒಳಗಿರಿಸಿಕೊಳ್ಳದೆ ಕಳುಹಿಸುತ್ತಾರೆ. ಔಷಧದಾನವು ಎಲ್ಲ ಜೀವಿಗಳಿಗೂ, ಆಶ್ರಯವು ಪೋಷಿಸಬಲ್ಲ ಜೀವಿಗಳಿಗೆ ಎಂಬ ಈ ಮೇರೆಯು ದಯೆಯನ್ನೂ ವ್ರತವನ್ನೂ ಕಾಪಾಡುತ್ತದೆ.

ಆಚರಣೆಗೆ ತರಬೇಕಾದ ಅಂಶಗಳು

ಈ ಮಹೋತ್ಸವದ ಸಂದರ್ಭದಲ್ಲಿಯೇ ಆರಂಭಿಸಬಹುದಾದ ಕೆಲವು ನಿಯಮಗಳನ್ನು ಸೂಚಿಸಿ ಈ ಉಪನ್ಯಾಸವನ್ನು ಮುಗಿಸಬಹುದು.

ಒಂದನೆಯದಾಗಿ, ಅನ್ನಸಂತರ್ಪಣೆಯಲ್ಲಿ ಉಳಿದ ಅನ್ನ, ಪಾಯಸ, ಭಕ್ಷ್ಯಗಳನ್ನು ದನಗಳ ಮುಂದೆ ಸುರಿಯಬಾರದು. ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಯೆಲೆಗಳನ್ನು ಹಗ್ಗ, ಪಿನ್ನು, ಪ್ಲಾಸ್ಟಿಕ್ ಇಲ್ಲದಂತೆ ಆರಿಸಿ, ಹುಲ್ಲಿನೊಡನೆ ಹಂಚಿ ಕೊಡಬಹುದು. ಎರಡನೆಯದಾಗಿ, ಗೋಶಾಲೆಗೆ ದಾನ ಕೊಡುವವರು ತಮಗೆ ತೋಚಿದ ತಿಂಡಿಯನ್ನು ತರುವ ಬದಲು, ಅಲ್ಲಿಗೆ ಬೇಕಾದ ಹುಲ್ಲು, ಹಿಂಡಿ, ಖನಿಜ ಮಿಶ್ರಣಗಳ ಪಟ್ಟಿಯನ್ನು ಕೇಳಿ ಅದರಂತೆ ಕೊಡಬೇಕು. ಬೆಲ್ಲದ ತುಂಡನ್ನು ಕೈಯಾರೆ ತಿನ್ನಿಸಬೇಕೆಂಬ ಆಸೆಯಿದ್ದವರು ಒಂದು ಹಿಡಿ ಹಸಿರು ಹುಲ್ಲನ್ನು ತಿನ್ನಿಸಲಿ. ಮೂರನೆಯದಾಗಿ, ದನವು ಆಕಸ್ಮಿಕವಾಗಿ ಧಾನ್ಯದ ಮೂಟೆಗೆ ಬಾಯಿ ಹಾಕಿದುದು ತಿಳಿದೊಡನೆ, ಅದು ಲವಲವಿಕೆಯಿಂದಿದ್ದರೂ ಸಹ, ಉಳಿದ ಧಾನ್ಯವನ್ನು ತೆಗೆದು, ಒಣಹುಲ್ಲನ್ನು ಮುಂದಿಟ್ಟು, ಪಶುವೈದ್ಯರನ್ನು ಕರೆಸಬೇಕು. ರೋಗದ ಲಕ್ಷಣ ಕಾಣುವ ವೇಳೆಗೆ ಅಮೂಲ್ಯವಾದ ಗಂಟೆಗಳು ಕಳೆದುಹೋಗಿರುತ್ತವೆ. ನಾಲ್ಕನೆಯದಾಗಿ, ಗೋಶಾಲೆಯ ಆಡಳಿತವು ಹಣದ ಖಾತೆಯಂತೆಯೇ ಮೇವಿನ ಖಾತೆಯನ್ನೂ ಇಟ್ಟು, ದಿನಕ್ಕೆ ಎಷ್ಟು ತೂಕ ಯಾವ ಮೇವು ಯಾವ ಕೊಟ್ಟಿಗೆಗೆ ಹೋಯಿತೆಂಬುದನ್ನು ಬರೆಯಬೇಕು. ಮುದಿಯಾದ, ಕುಂಟಾದ, ದುರ್ಬಲವಾದ ಪ್ರಾಣಿಗಳಿಗೆ ಪ್ರತ್ಯೇಕವಾಗಿ ಗೋದಲಿ ಮಾಡದಿದ್ದರೆ ಲೆಕ್ಕದಲ್ಲಿ ಸರಿಯಿದ್ದ ಮೇವು ಅವುಗಳ ಬಾಯಿಗೆ ತಲುಪಿರುವುದಿಲ್ಲ. ಐದನೆಯದಾಗಿ, ಮೇವು ನೀರುಗಳು ಎಷ್ಟು ಜೀವಿಗಳಿಗೆ ಸಾಲುವುವೋ ಅಷ್ಟನ್ನೇ ಸೇರಿಸಿಕೊಳ್ಳಬೇಕು. ನೂರಕ್ಕೆ ಇರುವ ಮೇವಿನಲ್ಲಿ ಇನ್ನೂರನ್ನು ಕೂಡಿಹಾಕಿದರೆ, ಅಭಯದಾನದ ಹೆಸರಿನಲ್ಲಿ ಇನ್ನೂರಕ್ಕೂ ಅನ್ನಪಾನನಿರೋಧವನ್ನು ಮಾಡಿದಂತಾಗುತ್ತದೆ.

ಪಾತ್ರವನ್ನರಿತು, ಕಾಲವನ್ನರಿತು, ದ್ರವ್ಯವನ್ನರಿತು ಕೊಡಬೇಕೆಂಬ ವಿಧಿಯನ್ನು ಶ್ರಾವಕರು ಮುನಿಗಳ ಆಹಾರದಾನದಲ್ಲಿ ಎಷ್ಟೊಂದು ಶ್ರದ್ಧೆಯಿಂದ ಪಾಲಿಸು​ತ್ತಾರೆಂಬುದು ಸರ್ವವಿದಿತ. ಮುನಿಗಳು ತಮಗೆ ಸಲ್ಲದುದನ್ನು ಕಂಡರೆ ಅಂಜಲಿಯನ್ನು ಬಿಟ್ಟು ಹಿಂದಿರುಗಬಲ್ಲರು. ಕಟ್ಟಿಗೆ ಒಳಗಾದ ಮೂಕಪ್ರಾಣಿಗೆ ಹಾಗೆ ಹಿಂದಿರುಗುವ ದಾರಿಯಿಲ್ಲ. ಅದರ ಪರವಾಗಿ ಸಲ್ಲುವುದು ಸಲ್ಲದುದನ್ನು ವಿಚಾರಿಸಬೇಕಾದವನು ಕೊಡುವವನೇ. ಆ ವಿಚಾರವು ಪ್ರತಿಯೊಂದು ಗೋಶಾಲೆಯ ಗೋದಲಿಯ ಬಳಿಯಲ್ಲಿಯೂ ನಡೆಯುವಂತಾಗಲಿ. ಎಲ್ಲ ಜೀವಿಗಳಿಗೂ ಸುಖವುಂಟಾಗಲಿ.

ಜೈ ಜಿನೇಂದ್ರ.